ಅರೆಲೋಹದ ಅಂತರಂಗ: ನಿಯೋಬಿಯಂ ಫಾಸ್ಫೈಡಿನ ಎಲೆಕ್ಟ್ರಾನ್ ರಚನೆಯನ್ನು ಕುರಿತ ಪ್ರಯೋಗಗಳು

ಘನವಸ್ತುಗಳ ಭೌತಶಾಸ್ತ್ರದಲ್ಲಿ 2011ರಿಂದೀಚೆಗೆ ಟೊಪಾಲಜೀಯ ಅರೆಲೋಹಗಳೆಂಬ ಸ್ಫಟಿಕವರ್ಗವು ಸಂಶೋಧಕರ ಲಕ್ಷ್ಯವನ್ನು ವಿಶೇಷವಾಗಿ ಸೆಳೆದಿದೆ. ಈ ವಿಷಯವನ್ನು ಕುರಿತ ಪ್ರೌಢಲೇಖನಗಳು ಹೇರಳವಾಗಿ ಪ್ರಕಟವಾಗುತ್ತಿದ್ದರೂ ಅವು ಬಹುಮಟ್ಟಿಗೆ ಆ ಕ್ಷೇತ್ರದಲ್ಲಿಯೇ ದುಡಿಯುವವರಿಗಾಗಿ ಬರೆದವುಗಳಾಗಿವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ತಾಲೂಕು ಸ್ಥಳಗಳ ಮಹಾವಿದ್ಯಾಲಯಗಳಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರನ್ನೂ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳನ್ನೂ ಕಣ್ಣಮುಂದೆ ಇರಿಸಿಕೊಂಡು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಇಂಥ ಊರುಗಳ ವಿದ್ಯಾರ್ಥಿಗಳಿಗೆ ಒಂದು ತೊಡಕುಂಟು. ಸಿಂಕ್ರೊಟ್ರಾನು, ವಜ್ರಗಳ ಒತ್ತುಕೋಶ, ಅತಿಶೈತ್ಯದಲ್ಲಿ ನಡೆಯುವ ಪ್ರಬಲ ಕಾಂತಯಂತ್ರ, ಇವು ಯಾವುವೂ ಅವರ ಕೈಗೆ ಎಟುಕುವಂಥವಲ್ಲ. ಸ್ಫಟಿಕವೊಂದರೊಳಗಿನ ಎಲೆಕ್ಟ್ರಾನುಗಳು ಇಂಥ ಬಗೆಯಲ್ಲಿ ವರ್ತಿಸುತ್ತವೆ ಎಂದು ದೂರದ ಪ್ರಯೋಗಶಾಲೆಯೊಂದು ಹೇಳಿದಾಗ ಅದನ್ನು ಅವರು ಗುರುವಾಕ್ಯವೆಂದು ಒಪ್ಪಿಕೊಳ್ಳಬೇಕೆ, ಇಲ್ಲವೆ ತಮ್ಮ ಬುದ್ಧಿಯಿಂದ ತೂಗಿ ನೋಡಬಹುದೆ? ತೂಗಿ ನೋಡಬಹುದೆಂಬುದೇ ನಮ್ಮ ನಿಲುವು. ಈ ಪ್ರಯೋಗಗಳ ಹಿಂದಿರುವ ತತ್ತ್ವಗಳು ಬಹುತೇಕ ಪದವಿ ತರಗತಿಯ ಪಾಠಗಳಲ್ಲಿಯೇ ಅಡಗಿವೆ. ಬೆಂಗಳೂರಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ತೋರಿಸಲು ಯತ್ನಿಸುತ್ತೇವೆ.

1. ಅರೆಲೋಹವೆಂದರೇನು?

ಬಿಡಿಯಾದ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳಿಗೆ ನಿಶ್ಚಿತವಾದ ಶಕ್ತಿಮಟ್ಟಗಳಿರುತ್ತವೆ. ಅಸಂಖ್ಯ ಪರಮಾಣುಗಳು ಸ್ಫಟಿಕದಲ್ಲಿ ಕ್ರಮಬದ್ಧವಾಗಿ ಜೋಡಣೆಗೊಂಡಾಗ ಈ ಮಟ್ಟಗಳು ಹರಡಿ ಶಕ್ತಿಪಟ್ಟಿಗಳಾಗುತ್ತವೆ. ಕ್ರಮಬದ್ಧ ಸ್ಫಟಿಕದಲ್ಲಿ ಎಲೆಕ್ಟ್ರಾನಿನ ಅಲೆಯು ಹೇಗೆ ಹರಡುತ್ತದೆಂಬುದನ್ನು ಫೆಲಿಕ್ಸ್ ಬ್ಲಾಖ್ 1928ರಲ್ಲಿ ನಿರೂಪಿಸಿದನು. ಅದರಿಂದ ಪ್ರತಿಯೊಂದು ಸಂವೇಗಕ್ಕೂ ಎಲೆಕ್ಟ್ರಾನಿಗೆ ಲಭ್ಯವಾದ ಶಕ್ತಿ ಎಷ್ಟೆಂಬುದು ತಿಳಿಯುತ್ತದೆ. ಈ ಸಂಬಂಧವನ್ನೇ ಸ್ಫಟಿಕದ ಎಲೆಕ್ಟ್ರಾನ್ ರಚನೆ ಎನ್ನುತ್ತೇವೆ. ಅತಿಶೈತ್ಯದಲ್ಲಿ ಎಲೆಕ್ಟ್ರಾನುಗಳು ಕೆಳಗಿನ ಶಕ್ತಿಯಿಂದ ತೊಡಗಿ ಒಂದು ಮೇರೆಯವರೆಗೆ ತುಂಬಿಕೊಳ್ಳುತ್ತವೆ. ಆ ಮೇರೆಯೇ ಫರ್ಮಿ ಮಟ್ಟ.

ಫರ್ಮಿ ಮಟ್ಟವು ಒಂದು ಪಟ್ಟಿಯ ನಡುವೆ ಬಿದ್ದರೆ ವಸ್ತುವು ಲೋಹವಾಗುತ್ತದೆ. ತುಂಬಿದ ಪಟ್ಟಿಗೂ ಖಾಲಿ ಪಟ್ಟಿಗೂ ನಡುವಣ ತೆರಪಿನಲ್ಲಿ ಬಿದ್ದರೆ ಅದು ಅವಾಹಕವೋ ಅರೆವಾಹಕವೋ ಆಗುತ್ತದೆ. ಇವೆರಡರ ನಡುವೆ ಮೂರನೆಯದೊಂದು ಸ್ಥಿತಿಯುಂಟು. ಕೆಳಪಟ್ಟಿಯ ಶಿಖರವೂ ಮೇಲುಪಟ್ಟಿಯ ತಳವೂ ಪರಸ್ಪರ ತಾಗುವಷ್ಟು ಅಥವಾ ಅಲ್ಪವಾಗಿ ಮೇಲೆಬೀಳುವಷ್ಟು ಸಮೀಪವಾದಾಗ ಕೆಲವೇ ಎಲೆಕ್ಟ್ರಾನುಗಳೂ ಕೆಲವೇ ರಂಧ್ರಗಳೂ ಏಕಕಾಲದಲ್ಲಿ ವಿದ್ಯುತ್ತನ್ನು ಒಯ್ಯುತ್ತವೆ. ಇಂಥ ವಸ್ತುವೇ ಅರೆಲೋಹ. ಬಿಸ್ಮತ್ತು ಮತ್ತು ಗ್ರಾಫೈಟು ಇದಕ್ಕೆ ಬಹುಕಾಲದಿಂದ ಪರಿಚಿತವಾದ ನಿದರ್ಶನಗಳು.

ಇದನ್ನು ನಮ್ಮ ಕಡೆಯ ಕೆರೆಯ ದೃಷ್ಟಾಂತದಿಂದ ವಿಶದಪಡಿಸಬಹುದು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಹಾನಗಲ್ಲ ಸೀಮೆಯೂ ಕೆರೆಗಳ ಸೀಮೆಯೇ. ಕೆರೆಯ ತಳವು ಸಮನಾಗಿರುವುದಿಲ್ಲ; ಅಲ್ಲಿ ತಗ್ಗುಗಳೂ ದಿಬ್ಬಗಳೂ ಇರುತ್ತವೆ. ಮಳೆಗಾಲದಲ್ಲಿ ನೀರು ತುಂಬಿದಾಗ ಎಲ್ಲವೂ ಒಂದೇ ಹರವು. ಬೇಸಿಗೆಯಲ್ಲಿ ಮಟ್ಟವು ಇಳಿಯುತ್ತ ಹೋದಂತೆ ಮೊದಲು ದಿಬ್ಬಗಳು ನಡುಗಡ್ಡೆಗಳಾಗಿ ತಲೆಯೆತ್ತುತ್ತವೆ. ಅನಂತರ ಹರವು ಒಡೆದು ಬೇರೆ ಬೇರೆ ಮಡುಗಳಾಗುತ್ತದೆ. ತಳದ ಏರಿಳಿತವನ್ನು ಶಕ್ತಿಪಟ್ಟಿಯೆಂದೂ ನೀರಿನ ಮಟ್ಟವನ್ನು ಫರ್ಮಿ ಮಟ್ಟವೆಂದೂ ಭಾವಿಸಿದರೆ, ನೀರಂಚಿನ ಗೆರೆಯೇ ಫರ್ಮಿ ಮೇಲ್ಮೈ. ಮಡುಗಳು ಎಲೆಕ್ಟ್ರಾನುಗಳ ನೆಲೆಗಳು. ನಡುಗಡ್ಡೆಗಳು ರಂಧ್ರಗಳ ನೆಲೆಗಳು. ಕೆರೆಯು ನೆಲದ ಮೇಲೆ ಹರಡಿರುವುದು, ಫರ್ಮಿ ಮೇಲ್ಮೈಯಾದರೋ ಸಂವೇಗದ ಮೂರು ಆಯಾಮಗಳಲ್ಲಿರುವುದು ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಲಾಗದು.

2. ಟೊಪಾಲಜಿಯ ಪ್ರವೇಶ

ಎಳೆದರೂ ಬಾಗಿಸಿದರೂ ಬದಲಾಗದೆ, ಹರಿದಾಗ ಅಥವಾ ಅಂಟಿಸಿದಾಗ ಮಾತ್ರ ಬದಲಾಗುವ ಗುಣಗಳನ್ನು ವಿವೇಚಿಸುವ ಗಣಿತಶಾಖೆಯೇ ಟೊಪಾಲಜಿ. ಮಡುವಿನ ಆಕಾರವು ಅದಕ್ಕೆ ಮುಖ್ಯವಲ್ಲ. ಮಡುಗಳೆಷ್ಟು, ನಡುಗಡ್ಡೆಗಳೆಷ್ಟು ಎಂಬ ಎಣಿಕೆಯೇ ಮುಖ್ಯ.

ಕೆಲವು ಸ್ಫಟಿಕಗಳಲ್ಲಿ ಎರಡು ಪಟ್ಟಿಗಳು ಸಂವೇಗದ ಬಿಡಿಬಿಡಿ ಬಿಂದುಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಪಟ್ಟಿಗಳು ಹೀಗೆ ಆಕಸ್ಮಿಕವಾಗಿ ಸೇರಬಲ್ಲವೆಂಬುದನ್ನು ಕಾನ್ಯರ್ಸ್ ಹೆರಿಂಗ್ 1937ರಷ್ಟು ಹಿಂದೆಯೇ ಪರಿಶೀಲಿಸಿದ್ದನು. ಆ ಬಿಂದುವಿನ ಸಮೀಪದಲ್ಲಿ ಶಕ್ತಿಯು ಸಂವೇಗಕ್ಕೆ ಸಮಾನುಪಾತದಲ್ಲಿರುವುದರಿಂದ ಎಲೆಕ್ಟ್ರಾನು ದ್ರವ್ಯರಾಶಿಯೇ ಇಲ್ಲದ ಕಣದಂತೆ ನಡೆದುಕೊಳ್ಳುತ್ತದೆ. ಅಂಥ ಕಣಕ್ಕೆ ಹರ್ಮನ್ ವೈಲ್ ಎಂಬ ಗಣಿತಜ್ಞನು 1929ರಲ್ಲಿ ಒಂದು ಸಮೀಕರಣವನ್ನು ಕೊಟ್ಟಿದ್ದನು. ಆದಕಾರಣ ಇವುಗಳಿಗೆ ವೈಲ್ ಬಿಂದುಗಳೆಂದು ಹೆಸರಾಯಿತು. ಸ್ಫಟಿಕದಲ್ಲಿ ಇಂಥ ಬಿಂದುಗಳನ್ನು ಕಾಣಬಹುದೆಂಬ ಆಧುನಿಕ ಸೂಚನೆಯು 2011ರಲ್ಲಿ ವಾನ್, ಟರ್ನರ್, ಅಶ್ವಿನ್ ವಿಶ್ವನಾಥ್ ಮತ್ತು ಸವ್ರಾಸೊವ್ ಇವರ ಲೇಖನದಿಂದ ಬಂದಿತು.

ವೈಲ್ ಬಿಂದುವನ್ನು ಹೊಳೆಯ ಸುಳಿಗೆ ಹೋಲಿಸಬಹುದು. ಸುಳಿಯ ಸುತ್ತ ಎಷ್ಟು ದೊಡ್ಡ ವರ್ತುಲವನ್ನೆಳೆದರೂ ನೀರು ಅದನ್ನು ಬಲಕ್ಕಾಗಲಿ ಎಡಕ್ಕಾಗಲಿ ಒಂದು ಸಲ ಸುತ್ತಿಯೇ ಬರುತ್ತದೆ. ಅರ್ಧ ಸುಳಿಯೆಂಬುದಿಲ್ಲ, ಅದನ್ನು ಮೆಲ್ಲಮೆಲ್ಲನೆ ತೇಯಿಸಿ ಅಳಿಸಲೂ ಬಾರದು. ಬಲಸುಳಿಯು ಎಡಸುಳಿಯೊಡನೆ ಕೂಡಿದಾಗ ಮಾತ್ರ ಎರಡೂ ಶಮನವಾಗುತ್ತವೆ. ಎಲೆಕ್ಟ್ರಾನಿನ ಅಲೆಯು ವೈಲ್ ಬಿಂದುವಿನ ಸುತ್ತ ಇಂಥದೇ ಒಂದು ಪೂರ್ಣಾಂಕವನ್ನು ಹೊತ್ತಿರುತ್ತದೆ. ಆದುದರಿಂದ ಈ ಬಿಂದುಗಳು ಯಾವಾಗಲೂ ಜೋಡಿಯಾಗಿಯೇ ಇರುತ್ತವೆ. ಸ್ಫಟಿಕವನ್ನು ತುಸು ಹಿಸುಕಿದ ಮಾತ್ರಕ್ಕೆ ಅಳಿಯುವುದಿಲ್ಲ.

ಇಲ್ಲಿ ಎರಡು ಬಗೆಯ ಎಣಿಕೆಗಳನ್ನು ಕಂಡೆವು. ಮಡುಗಳ ಎಣಿಕೆಯು ಫರ್ಮಿ ಮೇಲ್ಮೈಗೆ ಸಂಬಂಧಿಸಿದ್ದು. ಸುಳಿಯ ಎಣಿಕೆಯು ಎಲೆಕ್ಟ್ರಾನಿನ ಅಲೆಗೆ ಸಂಬಂಧಿಸಿದ್ದು. ಎರಡನ್ನೂ ಟೊಪಾಲಜಿಯೆಂದೇ ಕರೆಯುವುದರಿಂದ ವಿದ್ಯಾರ್ಥಿಗಳು ಗೊಂದಲಕ್ಕೆ ಒಳಗಾಗುವ ಸಂಭವವಿದೆ. ಮಡುಗಳ ಎಣಿಕೆ ಬದಲಾದರೂ ಸುಳಿಗಳು ಹಾಗೆಯೇ ಉಳಿಯಬಹುದು ಎಂಬುದನ್ನು ಮುಂದಣ ವಿವರಣೆಯುದ್ದಕ್ಕೂ ನೆನಪಿನಲ್ಲಿ ಇಡಬೇಕು.

3. ಎಲೆಕ್ಟ್ರಾನ್ ರಚನೆಯನ್ನು ನೋಡುವ ಬಗೆ

ಶಕ್ತಿಪಟ್ಟಿಗಳನ್ನು ನೇರವಾಗಿ ನೋಡುವ ಸಾಧನವು ದ್ಯುತಿವಿದ್ಯುತ್ ಪರಿಣಾಮದ ವಿಸ್ತಾರವೇ ಆಗಿದೆ. ನಿರ್ವಾತದಲ್ಲಿರಿಸಿದ ಸ್ಫಟಿಕದ ಮೇಲೆ ತಿಳಿದ ಶಕ್ತಿಯ ಬೆಳಕನ್ನು ಬೀಳಿಸಿ, ಹೊರಬರುವ ಎಲೆಕ್ಟ್ರಾನುಗಳ ಚಲನಶಕ್ತಿಯನ್ನೂ ಅವು ಹೊರಡುವ ಕೋನವನ್ನೂ ಅಳೆಯುತ್ತಾರೆ. ಐನ್‌ಸ್ಟೈನನ 1905ರ ಸಮೀಕರಣದಿಂದ ಸ್ಫಟಿಕದೊಳಗೆ ಆ ಎಲೆಕ್ಟ್ರಾನಿಗಿದ್ದ ಶಕ್ತಿಯೂ, ಕೋನದಿಂದ ಮೇಲ್ಮೈಗೆ ಸಮಾಂತರವಾದ ಸಂವೇಗವೂ ದೊರೆಯುತ್ತವೆ. ಈ ವಿಧಾನದಿಂದಲೇ 2015ರಲ್ಲಿ ಪ್ರಿನ್ಸ್‌ಟನ್ನಿನ ಜಾಹಿದ್ ಹಸನ್ ಅವರ ತಂಡವೂ ಬೀಜಿಂಗಿನ ಹಾಂಗ್ ಡಿಂಗ್ ಅವರ ತಂಡವೂ ಟ್ಯಾಂಟಲಂ ಆರ್ಸೆನೈಡಿನಲ್ಲಿ ವೈಲ್ ಅರೆಲೋಹದ ಲಕ್ಷಣಗಳನ್ನು ಪ್ರತ್ಯೇಕವಾಗಿ ಕಂಡುಹಿಡಿದವು. ಅದರಲ್ಲಿ ಒಟ್ಟು 24 ವೈಲ್ ಬಿಂದುಗಳಿವೆ. ಟ್ಯಾಂಟಲಂ ಫಾಸ್ಫೈಡು, ನಿಯೋಬಿಯಂ ಆರ್ಸೆನೈಡು, ನಿಯೋಬಿಯಂ ಫಾಸ್ಫೈಡು ಇವು ಅದೇ ಕುಟುಂಬದ ಸೋದರ ಸ್ಫಟಿಕಗಳು. ನಾಲ್ಕಕ್ಕೂ ಒಂದೇ ರಚನೆ, ನಾಲ್ಕರಲ್ಲಿಯೂ ವಿಲೋಮಕೇಂದ್ರವಿಲ್ಲ. ಅಂದರೆ ಒಂದು ಬಿಂದುವಿನ ಮೂಲಕ ಎಲ್ಲ ಪರಮಾಣುಗಳನ್ನೂ ಎದುರು ಬದಿಗೆ ತಿರುಗಿಸಿದರೆ ಮೊದಲಿನ ಸ್ಫಟಿಕವು ದೊರೆಯುವುದಿಲ್ಲ. ಈ ಕೊರತೆಯೇ ಇವುಗಳಲ್ಲಿ ವೈಲ್ ಬಿಂದುಗಳಿಗೆ ಎಡೆಮಾಡಿಕೊಟ್ಟಿದೆ.

ಎರಡನೆಯ ವಿಧಾನವು ಕಾಂತಕ್ಷೇತ್ರದ್ದು. ಶುಬ್ನಿಕೊವ್ ಮತ್ತು ಡ ಹಾಸ್ ಅವರು 1930ರಲ್ಲಿ ಬಿಸ್ಮತ್ತಿನ ವಿದ್ಯುದ್ರೋಧವು ಕಾಂತಕ್ಷೇತ್ರದೊಡನೆ ಏರಿಳಿಯುವುದನ್ನು ಕಂಡರು. ಕ್ಷೇತ್ರದ ವಿಲೋಮವನ್ನು ಅಕ್ಷವಾಗಿಟ್ಟು ನಕ್ಷೆಯನ್ನು ಬರೆದರೆ ಈ ಆಂದೋಲನಗಳು ಸಮಾಂತರದಲ್ಲಿ ಬರುತ್ತವೆ. ಅವುಗಳ ಆವೃತ್ತಿಯು ಫರ್ಮಿ ಮೇಲ್ಮೈಯ ಅಡ್ಡಕೊಯ್ತದ ವಿಸ್ತೀರ್ಣವನ್ನು ತಿಳಿಸುತ್ತದೆಂದು ಆನ್‌ಸಾಗರ್ 1952ರಲ್ಲಿ ತೋರಿಸಿದನು. ಮಡುವಿನ ಅಗಲವನ್ನು ದಡದ ಮೇಲೆ ನಿಂತೇ ಅಳೆದಂತೆ ಇದು. ನಿಯೋಬಿಯಂ ಫಾಸ್ಫೈಡಿನಲ್ಲಿ ಕಾಂತಕ್ಷೇತ್ರದ ಪ್ರಭಾವವು ಅತಿಶಯವಾದುದು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಚಂದ್ರ ಶೇಖರ್, ಕ್ಲೌಡಿಯಾ ಫೆಲ್ಸರ್ ಮೊದಲಾದವರು 2015ರಲ್ಲಿ ಪ್ರಕಟಿಸಿದ ಮಾಪನದ ಪ್ರಕಾರ 1.85 ಕೆಲ್ವಿನ್ ಉಷ್ಣತೆಯಲ್ಲಿ 9 ಟೆಸ್ಲಾ ಕ್ಷೇತ್ರಕ್ಕೆ ಅದರ ರೋಧವು ಪ್ರತಿಶತ 8,50,000ರಷ್ಟು, ಅಂದರೆ ಮೂಲರೋಧದ 8,500 ಪಟ್ಟು, ಹೆಚ್ಚುತ್ತದೆ.

4. ಬೆಂಗಳೂರಿನ ಪ್ರಯೋಗ

ಇನ್ನು ಒತ್ತಡದ ವಿಷಯ. ಸ್ಫಟಿಕವನ್ನು ಎಲ್ಲ ಬದಿಗಳಿಂದ ಒತ್ತಿದರೆ ಪರಮಾಣುಗಳು ಸಮೀಪಿಸುತ್ತವೆ. ಪಟ್ಟಿಗಳ ಏರಿಳಿತವೂ ಬದಲಾಗುತ್ತದೆ. ಕೆರೆಯ ದೃಷ್ಟಾಂತದಲ್ಲಿ ಹೇಳುವುದಾದರೆ ಇಲ್ಲಿ ನೀರಿನ ಮಟ್ಟವಷ್ಟೇ ಅಲ್ಲ, ತಳವೇ ಉಬ್ಬಿ ತಗ್ಗುತ್ತದೆ. ಹೀಗಾದಾಗ ಹೊಸ ಮಡುಗಳು ಮೂಡಬಹುದು, ಹಳೆಯವು ಕೂಡಬಹುದು. ಆ ಕ್ಷಣದಲ್ಲಿ ಲೋಹದ ಗುಣಗಳಲ್ಲಿ ವೈಪರೀತ್ಯಗಳು ಕಂಡುಬರಬೇಕೆಂದು ಇಲ್ಯಾ ಲಿಫ್ಷಿಟ್ಸ್ 1960ರಲ್ಲಿ ತರ್ಕಿಸಿದನು. ಈ ಬದಲಾವಣೆಗೆ ಲಿಫ್ಷಿಟ್ಸ್ ಪರಿವರ್ತನೆ ಎಂದು ಹೆಸರು. ಇದರಲ್ಲಿ ಪರಮಾಣುಗಳ ಜೋಡಣೆಯ ಕ್ರಮವು ಬದಲಾಗಬೇಕಾಗಿಲ್ಲ. ಎಲೆಕ್ಟ್ರಾನುಗಳ ಲೋಕ ಮಾತ್ರ ಬದಲಾಗುತ್ತದೆ.

ಇದನ್ನು ಪತ್ತೆಹಚ್ಚುವುದು ಸುಲಭವಲ್ಲ. ಅಧಿಕ ಒತ್ತಡವನ್ನು ಪಡೆಯಲು ಎರಡು ವಜ್ರಗಳ ಚಪ್ಪಟೆ ಮೊನೆಗಳ ನಡುವೆ ಸ್ಫಟಿಕದ ಚೂರನ್ನಿಟ್ಟು ಒತ್ತುತ್ತಾರೆ. ಮೊನೆಯ ವ್ಯಾಸವು 0.4 ಮಿಲಿಮೀಟರ್ ಇದ್ದರೆ 9 ಗಿಗಾಪ್ಯಾಸ್ಕಲ್, ಎಂದರೆ ಸುಮಾರು 90,000 ವಾಯುಭಾರದ ಒತ್ತಡಕ್ಕೆ ಬೇಕಾಗುವ ಬಲವು ಸುಮಾರು 1,130 ನ್ಯೂಟನ್. ಇದು ಒಂದು ಕ್ವಿಂಟಲ್ ಗೋವಿನಜೋಳದ ಭಾರಕ್ಕಿಂತ ತುಸು ಹೆಚ್ಚು, ಅಷ್ಟೆ. ಬಲವು ಸಾಧಾರಣ, ಕ್ಷೇತ್ರವು ಅತ್ಯಲ್ಪವಾದುದರಿಂದ ಒತ್ತಡವು ಅಗಾಧ. ಆದರೆ ವಜ್ರಗಳ ನಡುವೆ ಸಿಕ್ಕಿದ ಚೂರಿನಿಂದ ಎಲೆಕ್ಟ್ರಾನುಗಳು ನಿರ್ವಾತಕ್ಕೆ ಹೊರಬರಲಾರವು. ಆದುದರಿಂದ ಮೇಲೆ ಹೇಳಿದ ದ್ಯುತಿವಿದ್ಯುತ್ ವಿಧಾನವು ಇಲ್ಲಿ ನಿರುಪಯೋಗಿ. ವಜ್ರದ ಮೂಲಕ ಹಾದುಹೋಗಬಲ್ಲದ್ದು ಬೆಳಕು, ಕ್ಷ-ಕಿರಣಗಳು. ಜಾಣ್ಮೆಯಿಂದ ಒಳಗೆ ಕೊಂಡೊಯ್ದರೆ ಸಣ್ಣ ತಂತಿಗಳು. ಇವುಗಳಿಂದಲೇ ಕೆಲಸವನ್ನು ಸಾಧಿಸಬೇಕು.

ಇಲ್ಲಿ ನೆರವಿಗೆ ಬರುವುದು ರಾಮನ್ ಪರಿಣಾಮ. 1928ರ ಫೆಬ್ರವರಿ 28ರಂದು ಕಲಕತ್ತೆಯಲ್ಲಿ ಪ್ರಕಟವಾದ ಆ ಶೋಧದ ಕರ್ತೃ ಚಂದ್ರಶೇಖರ ವೆಂಕಟ ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಮುಂದೆ ವಜ್ರಗಳನ್ನೂ ದೀರ್ಘಕಾಲ ಅಭ್ಯಸಿಸಿದರು. ಸ್ಫಟಿಕದ ಮೇಲೆ ಏಕವರ್ಣದ ಬೆಳಕು ಬಿದ್ದಾಗ ಚದರಿದ ಬೆಳಕಿನ ಅಲ್ಪಾಂಶವು ಪರಮಾಣುಗಳ ಕಂಪನಕ್ಕೆ ಶಕ್ತಿಯನ್ನು ಕೊಟ್ಟು ಅಥವಾ ಅದರಿಂದ ಪಡೆದು ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಆ ವ್ಯತ್ಯಾಸದಿಂದ ಕಂಪನಗಳ ಆವೃತ್ತಿಯು ತಿಳಿಯುತ್ತದೆ. ಪರಮಾಣುಗಳನ್ನು ಬಂಧಿಸಿರುವ ಬಲಗಳನ್ನು ಎಲೆಕ್ಟ್ರಾನುಗಳೇ ನಿರ್ಧರಿಸುವುದರಿಂದ, ಎಲೆಕ್ಟ್ರಾನ್ ರಚನೆಯು ಮಾರ್ಪಟ್ಟರೆ ಅದರ ಛಾಯೆಯು ಆವೃತ್ತಿಯ ಮೇಲೂ ಬೀಳುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಅವರ ಸಹೋದ್ಯೋಗಿಗಳು, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉಮೇಶ್ ವಾಘ್ಮರೆ ಮೊದಲಾದವರು, ಡ್ರೆಸ್ಡೆನ್ನಿನ ಸಂಶೋಧಕರೊಡಗೂಡಿ ನಿಯೋಬಿಯಂ ಫಾಸ್ಫೈಡು ಮತ್ತು ಟ್ಯಾಂಟಲಂ ಫಾಸ್ಫೈಡುಗಳನ್ನು ಹೀಗೆ ಪರಿಶೀಲಿಸಿ 2018ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒತ್ತಡವು ಏರಿದಂತೆ ನಿಯೋಬಿಯಂ ಫಾಸ್ಫೈಡಿನ ಕಂಪನಗಳ ಆವೃತ್ತಿಗಳು ಏರಿದವು; ಬಂಧಗಳು ಬಿಗಿಯುವುದರಿಂದ ಇದು ನಿರೀಕ್ಷಿತವೇ. ಆದರೆ ಸುಮಾರು 9 ಗಿಗಾಪ್ಯಾಸ್ಕಲ್ಲಿನಲ್ಲಿ ಆ ಏರಿಕೆಯ ಓಟವೇ ಬದಲಾಯಿತು. ನಕ್ಷೆಯ ರೇಖೆಯು ಅಲ್ಲಿ ಬಾಗಿತು. ಅದೇ ಒತ್ತಡದಲ್ಲಿ ವಿದ್ಯುದ್ರೋಧವು ತನ್ನ ಕನಿಷ್ಠ ಬೆಲೆಯನ್ನು ಮುಟ್ಟಿತು. ಅದಕ್ಕೆ ಮೊದಲು ಉಷ್ಣತೆಯೊಡನೆ ರೋಧವು ಹೆಚ್ಚುತ್ತಿತ್ತು. ಅದನ್ನು ದಾಟಿದ ಮೇಲೆ ಈ ನಡತೆಯೂ ಗಣನೀಯವಾಗಿ ಮಾರ್ಪಟ್ಟಿತು. ಮೂಲತತ್ತ್ವಗಳಿಂದ ಹೊರಟ ಗಣನೆಯು ಈ ವೈಪರೀತ್ಯಗಳಿಗೆ ಕಾರಣವನ್ನು ಸೂಚಿಸಿತು: ಒತ್ತಡದಿಂದ ಎಲೆಕ್ಟ್ರಾನುಗಳ ಮತ್ತು ರಂಧ್ರಗಳ ಹೊಸ ನೆಲೆಗಳು ಮೂಡುತ್ತವೆ, ಇದು ಲಿಫ್ಷಿಟ್ಸ್ ಪರಿವರ್ತನೆ. ಟ್ಯಾಂಟಲಂ ಫಾಸ್ಫೈಡಾದರೋ ಒತ್ತಡಕ್ಕೆ ಜಗ್ಗಲಿಲ್ಲ. ಅದರಲ್ಲಿ ಇಂಥ ಯಾವ ಪರಿವರ್ತನೆಯೂ ಕಾಣಲಿಲ್ಲ.

5. ಸಾಕ್ಷ್ಯದ ತೂಕ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಬಾಗಿದ ರೇಖೆಯೊಂದನ್ನು ನೋಡಿ ಎಲೆಕ್ಟ್ರಾನ್ ರಚನೆಯೇ ಬದಲಾಯಿತೆಂದು ಹೇಳಬಹುದೆ? ಬಾರದು. ರೇಖೆಯು ಬಾಗಲು ಅನ್ಯ ಕಾರಣಗಳಿರಬಹುದು. ಪರಮಾಣುಗಳ ಜೋಡಣೆಯೇ ಬದಲಾಗಿರಬಹುದು, ಒತ್ತಡವನ್ನು ಸಮನಾಗಿ ಹಂಚುವ ದ್ರವವು ಗಟ್ಟಿಯಾಗಿ ಒತ್ತಡವು ವಿಷಮವಾಗಿರಬಹುದು, ಮಾಪನದಲ್ಲಿಯೇ ದೋಷವಿರಬಹುದು. ಪ್ರತಿಯೊಂದು ಸಂಶಯಕ್ಕೂ ಪ್ರತ್ಯೇಕವಾದ ಪರೀಕ್ಷೆ ಬೇಕು. ಜೋಡಣೆಯನ್ನು ಕ್ಷ-ಕಿರಣಗಳು ಪರೀಕ್ಷಿಸುತ್ತವೆ. ಬೆಳಕಿನ ಪ್ರಯೋಗವೂ ವಿದ್ಯುತ್ತಿನ ಪ್ರಯೋಗವೂ ಪರಸ್ಪರ ಸ್ವತಂತ್ರವಾಗಿದ್ದು ಒಂದೇ ಒತ್ತಡವನ್ನು ತೋರಿಸಿದರೆ ಮಾಪನದೋಷದ ಶಂಕೆಯು ಬಹಳ ಕಡಮೆಯಾಗುತ್ತದೆ. ಸೋದರ ಸ್ಫಟಿಕವನ್ನೂ ಅದೇ ಪರೀಕ್ಷೆಗೆ ಒಡ್ಡಿದುದು ನಮ್ಮ ದೃಷ್ಟಿಯಲ್ಲಿ ಬಹು ಬೆಲೆಯುಳ್ಳ ಅಂಶ. ವೈಪರೀತ್ಯವು ಕೇವಲ ಉಪಕರಣದ್ದಾಗಿದ್ದರೆ ಅದು ಟ್ಯಾಂಟಲಂ ಫಾಸ್ಫೈಡಿನಲ್ಲಿಯೂ ಕಾಣಿಸಿಕೊಳ್ಳಬೇಕಾಗಿತ್ತು. ಏನೂ ಆಗಲಿಲ್ಲವೆಂಬ ಫಲಿತಾಂಶವೂ ಹೀಗೆ ಒಂದು ಸಾಕ್ಷ್ಯವೇ.

ಒಂದೇ ಸಾಕ್ಷ್ಯವನ್ನು ನೆಚ್ಚಿದರೆ ಆಗುವ ಅಪಾಯಕ್ಕೂ ಈ ಕುಟುಂಬದಲ್ಲಿಯೇ ಉದಾಹರಣೆಯಿದೆ. ಕಾಂತಕ್ಷೇತ್ರವೂ ವಿದ್ಯುತ್ಪ್ರವಾಹವೂ ಒಂದೇ ದಿಕ್ಕಿನಲ್ಲಿದ್ದಾಗ ರೋಧವು ತಗ್ಗುವುದು ವೈಲ್ ಬಿಂದುಗಳ ಕುರುಹೆಂದು ಅನೇಕರು ಭಾವಿಸಿದ್ದರು. ಆದರೆ 2016ರಲ್ಲಿ ಡ್ರೆಸ್ಡೆನ್ನಿನ ಸಂಶೋಧಕರು ಟ್ಯಾಂಟಲಂ ಫಾಸ್ಫೈಡಿನಲ್ಲಿ ಬೇರೊಂದನ್ನು ತೋರಿಸಿದರು. ಅದರಲ್ಲಿ ಎಲೆಕ್ಟ್ರಾನಿನ ಒಂದೊಂದು ನೆಲೆಯೂ ಬಲಸುಳಿ, ಎಡಸುಳಿ ಎರಡನ್ನೂ ಒಟ್ಟಿಗೆ ಒಳಗೊಂಡಿರುವುದರಿಂದ ಅಂಥ ಕುರುಹು ಕಾಣಬಾರದು. ಆದರೂ ರೋಧವು ತಗ್ಗಿತು. ಕಾಂತಕ್ಷೇತ್ರದಲ್ಲಿ ಪ್ರವಾಹವು ಸ್ಫಟಿಕದ ತುಂಬ ಸಮನಾಗಿ ಹರಿಯದೆ ಕಿರಿದಾದ ಧಾರೆಯಾಗಿ ಹರಿಯುವುದರಿಂದಲೂ ಇಂಥ ತೋರಿಕೆ ಉಂಟಾಗಬಲ್ಲದು. ಸಂಪರ್ಕದ ತಂತಿಗಳನ್ನು ಎಲ್ಲಿ ಅಂಟಿಸಿದರೆಂಬ ಸಣ್ಣ ಸಂಗತಿಯೂ ದೊಡ್ಡ ತೀರ್ಮಾನವನ್ನು ಅಲುಗಿಸಬಲ್ಲದೆಂಬುದು ಇದರಿಂದ ತಿಳಿದುಬರುತ್ತದೆ.

6. ನಮ್ಮ ಮಹಾವಿದ್ಯಾಲಯಗಳಲ್ಲಿ

ಮೇಲಿನ ಸರಪಳಿಯ ಕೊಂಡಿಗಳು ಅಧ್ಯಾಪಕರಿಗೆ ಹೊಸವಲ್ಲ. ದ್ಯುತಿವಿದ್ಯುತ್ ಕೋಶದಿಂದ ಪ್ಲಾಂಕ್ ಸ್ಥಿರಾಂಕವನ್ನು ಕಂಡುಹಿಡಿಯುವ ವಿದ್ಯಾರ್ಥಿಯು ಶಕ್ತಿಪಟ್ಟಿಗಳನ್ನು ನೋಡುವ ವಿಧಾನದ ಮೂಲವನ್ನು ಅರಿತವನೇ. ಜರ್ಮೇನಿಯಮ್ಮಿನ ಮೇಲೆ ನಾಲ್ಕು ಮೊನೆಗಳನ್ನಿಟ್ಟು ರೋಧವನ್ನು ಅಳೆಯುವವನು ಉಷ್ಣತೆಯೊಡನೆ ರೋಧವು ಇಳಿಯುವುದನ್ನು ಕಣ್ಣಾರೆ ಕಾಣುತ್ತಾನೆ. ಅದೇ ವಿದ್ಯಾರ್ಥಿಯು ತಾಮ್ರದ ತಂತಿಯಲ್ಲಿ ಅದು ಏರುವುದನ್ನೂ ಅಳೆದು ನೋಡಿದರೆ, ಅರೆಲೋಹದ ರೋಧವು ಒತ್ತಡದಲ್ಲಿ ನಡತೆಯನ್ನು ಬದಲಿಸಿತೆಂಬ ಮಾತಿನ ತೂಕವು ತಾನಾಗಿಯೇ ತಿಳಿದೀತು. ಮೊನೆಗಳನ್ನು ಸ್ಫಟಿಕದ ನಡುವೆ ಇರಿಸಿ ಒಮ್ಮೆ, ಅಂಚಿಗೆ ಸರಿಸಿ ಇನ್ನೊಮ್ಮೆ ಅಳೆಯುವಂತೆ ಹೇಳುವುದೂ ಒಳ್ಳೆಯ ಪಾಠ. ಎರಡು ಬೆಲೆಗಳಲ್ಲಿ ಬರುವ ಅಂತರವು ಪ್ರವಾಹದ ಹಂಚಿಕೆಯ ಮಹತ್ತ್ವವನ್ನು ಮನಗಾಣಿಸುತ್ತದೆ.

ಗಣನೆಯ ಭಾಗವು ಇನ್ನೂ ಸಮೀಪದಲ್ಲಿದೆ. ನಿಯೋಬಿಯಂ ಫಾಸ್ಫೈಡಿನ ಮೂಲಘಟಕದಲ್ಲಿ ಇರುವುದು ನಾಲ್ಕೇ ಪರಮಾಣುಗಳು: ಎರಡು ನಿಯೋಬಿಯಂ, ಎರಡು ರಂಜಕ. ಇಷ್ಟು ಚಿಕ್ಕ ಘಟಕದ ಶಕ್ತಿಪಟ್ಟಿಗಳನ್ನು ಕ್ವಾಂಟಂ ಎಸ್ಪ್ರೆಸೊದಂಥ ಉಚಿತ ಕ್ರಮವಿಧಿಗಳಿಂದ ಸಾಧಾರಣ ಗಣಕಯಂತ್ರದಲ್ಲಿಯೂ ಎಣಿಸಬಹುದು. ಘಟಕದ ಅಳತೆಯನ್ನು ಸ್ವಲ್ಪ ಸ್ವಲ್ಪವಾಗಿ ಕುಗ್ಗಿಸುತ್ತ, ಫರ್ಮಿ ಮಟ್ಟದ ಬಳಿ ಹೊಸ ನೆಲೆಗಳು ಯಾವಾಗ ಮೂಡುತ್ತವೆಂದು ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಕ್ಕ ಅಭ್ಯಾಸ. ಅನಂತರ ನಿಯೋಬಿಯಮ್ಮಿನ ಸ್ಥಾನದಲ್ಲಿ ಟ್ಯಾಂಟಲಮ್ಮನ್ನಿಟ್ಟು ಅದೇ ಗಣನೆಯನ್ನು ಮಾಡಬೇಕು. ಪರಮಾಣುಸಂಖ್ಯೆಯು 41ರಿಂದ 73ಕ್ಕೆ ಏರುವುದರಿಂದ ಎಲೆಕ್ಟ್ರಾನಿನ ಗಿರಕಿಗೂ ಅದರ ಪಥಕ್ಕೂ ಇರುವ ಸಂಬಂಧವು ಪ್ರಬಲವಾಗುತ್ತದೆ. ಪಟ್ಟಿಗಳಲ್ಲಿ ಇದರ ಪರಿಣಾಮವು ಸ್ಪಷ್ಟವಾಗಿ ಕಾಣುತ್ತದೆ.

ದೊಡ್ಡ ಉಪಕರಣಗಳು ಕೆಲವೇ ನಗರಗಳಲ್ಲಿ ಇರುತ್ತವೆ. ಇದು ಬೇಗನೆ ಬದಲಾಗುವಂಥದಲ್ಲ. ಆದರೆ ಸಾಕ್ಷ್ಯವನ್ನು ತೂಗುವ ವಿವೇಕಕ್ಕೆ ಉಪಕರಣದ ಹಂಗಿಲ್ಲ. ಯಾವ ಅಳತೆಯು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು. ಒಂದು ಸಾಕ್ಷ್ಯವನ್ನು ಇನ್ನೊಂದು ಬೆಂಬಲಿಸುತ್ತದೆಯೇ. ಹೋಲಿಸಿ ನೋಡಲು ಎರಡನೆಯ ವಸ್ತುವೊಂದಿದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಹಾನಗಲ್ಲಿನ ತರಗತಿಯಲ್ಲಿಯೂ ಸವಣೂರಿನ ಪ್ರಯೋಗಶಾಲೆಯಲ್ಲಿಯೂ ಬೆಳೆಯಬಲ್ಲದು. ಅದು ಬೆಳೆದ ವಿದ್ಯಾರ್ಥಿಯು ಮುಂದೊಮ್ಮೆ ದೊಡ್ಡ ಪ್ರಯೋಗಶಾಲೆಯನ್ನು ಹೊಕ್ಕಾಗ ಅವನಿಗೆ ಕಲಿಯಬೇಕಾಗಿ ಉಳಿಯುವುದು ಉಪಕರಣವನ್ನು ನಡೆಸುವ ಕೌಶಲ ಮಾತ್ರ.